ಅವರೆ ಬಳ್ಳಿ, ಗ್ರೌಂಡ್‌ಹಾಗ್ ಮತ್ತು ಬೇಲಿಯ ತಕರಾರು

ಜೂನ್ ಬಂತೆಂದರೆ ಮ್ಯಾಸಚೂಸೆಟ್ಸ್‌ನ ನಮ್ಮ ಸೀಮೆಯಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಮಾತು ಒಂದಲ್ಲ ಒಂದು ಹೊತ್ತಿಗೆ ಹಿತ್ತಲಿಗೆ ಬಂದು ನಿಲ್ಲುತ್ತದೆ. ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು, ಊರಲ್ಲಿರುವ ಅಪ್ಪ ಅಮ್ಮನ ಮೊಣಕಾಲು ನೋವು ಎಲ್ಲ ಆದ ಮೇಲೆ ಯಾರಾದರೂ ಒಬ್ಬರು "ನಿಮ್ಮಲ್ಲಿಗೂ ಬಂತಾ?" ಅಂತ ಕೇಳುತ್ತಾರೆ. ಏನು ಬಂತಾ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಗ್ರೌಂಡ್‌ಹಾಗ್ ಅಂತ ಎಲ್ಲರಿಗೂ ಗೊತ್ತು, ನೆಲದಲ್ಲಿ ಬಿಲ ತೋಡಿಕೊಂಡು ಹಿತ್ತಲಿನ ಸೊಪ್ಪು ತರಕಾರಿ ಮೇಯುವ ಇಲ್ಲಿಯ ಒಂದು ದಪ್ಪನೆಯ ಪ್ರಾಣಿ. ಅಲ್ಲಿಂದ ಮುಂದೆ ಬರೀ ಉಪಾಯಗಳು. ಒಬ್ಬರು ಖಾರದ ಪುಡಿ ಚೆಲ್ಲಿದ್ದಾರೆ. ಇನ್ನೊಬ್ಬರು ಇಂಗು, ಬೆಳ್ಳುಳ್ಳಿ ಅರೆದು ನೀರಿಗೆ ಕಲಸಿ ಸ್ಪ್ರೇ ಮಾಡಿದ್ದಾರೆ. ಘಾಟು ವಾಸನೆಯ ಸೋಪನ್ನು ಹಳೇ ಕಾಲುಚೀಲಕ್ಕೆ ತುಂಬಿ ಗೂಟಕ್ಕೆ ನೇತು ಹಾಕಿದವರು, ಕಟಿಂಗ್ ಶಾಪಿನಿಂದ ಕೂದಲು ತಂದು ಪಾತಿಯ ಸುತ್ತ ಸುರಿದವರು, ನರಿಯ ಮೂತ್ರವನ್ನು ದುಡ್ಡು ಕೊಟ್ಟು ಬಾಟಲಿ ಲೆಕ್ಕದಲ್ಲಿ ಕೊಂಡವರು (ನಿಜಕ್ಕೂ ಮಾರುತ್ತಾರೆ, ನಾನೂ ಅಂಗಡಿಯಲ್ಲಿ ನೋಡಿದ್ದೇನೆ), ಹೀಗೆ ಪಾಯಸ ಬರುವವರೆಗೂ ನಡೆಯುತ್ತದೆ.

ಈ ಮಾತುಕತೆಯಲ್ಲಿ ಒಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಇಷ್ಟೊಂದು ಉಪಾಯಗಳ ನಡುವೆ ಬೇಲಿಯ ಮಾತು ಬರುವುದೇ ಕೊನೆಗೆ. ಬಂದರೂ "ಹೂಂ, ಅದೂ ಹಾಕಬಹುದು" ಅಂತ ಅಲ್ಲಿಗೇ ಬಿಟ್ಟು ಬೇರೆ ಮಾತಿಗೆ ಹೋಗುತ್ತಾರೆ. ನಾನು ಸಾಗರದ ಕಡೆಯವಳು. ನಮ್ಮಲ್ಲಿ ಗದ್ದೆ, ತೋಟ, ಹಿತ್ತಲು ಯಾವುದೇ ಇರಲಿ, ಮೊದಲು ಬೇಲಿ ಆಮೇಲೆ ಬೆಳೆ. ಮಳೆಗಾಲ ಶುರುವಾಗುವ ಮೊದಲು ಬೇಲಿ ಕಟ್ಟುವ ಕೆಲಸ ಪ್ರತಿವರ್ಷ ಇದ್ದದ್ದೇ. ಅದನ್ನು ಯಾರೂ ಉಪಾಯ ಅಂತ ಕರೆಯುವುದಿಲ್ಲ. ಹಾಗಿರುವಾಗ ಅದೇ ಊರುಗಳಿಂದ ಬಂದ ಜನ, ಲೆಕ್ಕಾಚಾರ ಬಲ್ಲ ಇಂಜಿನಿಯರುಗಳು, ಇಲ್ಲಿಗೆ ಬಂದ ಮೇಲೆ ಬೇಲಿ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಯಾಕೆ ಮಾಡುತ್ತಾರೆ?

ಅವರೆಯ ಲೆಕ್ಕ

ನಮ್ಮ ಮನೆಯ ಜಗಳ ಶುರುವಾದದ್ದು ಅವರೆಯಿಂದ. ನನ್ನ ಗಂಡ ಮಾಗಡಿ ಕಡೆಯವರು. ಸಂಕ್ರಾಂತಿ ಹೊತ್ತಿಗೆ ಹಿದುಕಿದ ಬೇಳೆ ಸಾರಿಲ್ಲದಿದ್ದರೆ ಅವರಿಗೆ ವರ್ಷ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಅವರೆಕಾಳಿನ ಪೊಟ್ಟಣ ಸಿಗುತ್ತದೆ, ಆದರೆ ಸೊಗಡು ಸಿಗುವುದಿಲ್ಲ. ಹಾಗಾಗಿ ಮನೆ ಕೊಂಡ ಮೇಲೆ ಹಿತ್ತಲಿನಲ್ಲಿ ಅವರು ಮೊದಲು ಜಾಗ ಗೊತ್ತು ಮಾಡಿದ್ದು ಅವರೆಗೆ. ನಾನು ಹರಿವೆ, ಅಲಸಂದೆ, ಬಸಳೆ ಅಂತ ಒಂದು ಮೂಲೆ ಹಿಡಿದುಕೊಂಡೆ.

ಅವರೆ ಇಲ್ಲಿ ಸುಲಭದ ಬೆಳೆಯಲ್ಲ. ನಾಟಿ ಅವರೆ ಹಗಲು ಗಿಡ್ಡವಾಗುವುದನ್ನು ನೋಡಿಕೊಂಡು ಹೂ ಬಿಡುವ ಬಳ್ಳಿ. ನಮ್ಮಲ್ಲಿ ಮಳೆಗಾಲದಲ್ಲಿ ಬಿತ್ತಿದರೆ ಚಳಿಗೆ ಕಾಯಿ. ಇಲ್ಲಿ ಬೇಸಿಗೆಯ ಹಗಲು ಹದಿನೈದು ಗಂಟೆ ಉದ್ದ. ಬಳ್ಳಿ ಚಪ್ಪರ ತುಂಬ ಹಬ್ಬುತ್ತದೆ, ಎಲೆ ಎಲೆ ಎಲೆ. ಹೂವಿನ ಮನಸ್ಸು ಮಾಡುವ ಹೊತ್ತಿಗೆ ಅಕ್ಟೋಬರಿನ ಹಿಮ ಬಿದ್ದು ಒಂದೇ ರಾತ್ರಿಯಲ್ಲಿ ಕಪ್ಪಾಗಿ ಹೋಗುತ್ತದೆ. ಅದಕ್ಕೇ ಬಲ್ಲವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳ ಬೆನ್ನು ಬೀಳುತ್ತಾರೆ. ಅವು ಹಗಲಿನ ಉದ್ದ ಎಷ್ಟು ಅಂತ ನೋಡದೆ ಹೂ ಬಿಡುತ್ತವೆ, ಗಿಡ್ಡವಾಗಿ ಪೊದೆಯ ಹಾಗೆ ಬೆಳೆಯುತ್ತವೆ. ಇಲ್ಲೇ ಬೆಳೆದು ಬೀಜ ಉಳಿಸಿಕೊಂಡವರ ಹತ್ತಿರ ಒಂದು ಹಿಡಿ ಬೀಜ ಸಿಕ್ಕಿದರೆ ಅದಕ್ಕೆ ಬಂಗಾರದ ಬೆಲೆ. (ತಮಾಷೆ ಅಂದರೆ, ನೇರಳೆ ಬಣ್ಣದ ಅವರೆ ಬಳ್ಳಿಯನ್ನು ಅಮೆರಿಕದವರು ಹೂವಿನ ಚಂದಕ್ಕೆ ಕಮಾನಿನ ಮೇಲೆ ಹಬ್ಬಿಸುತ್ತಾರೆ. ಕಾಯಿ ಅಲ್ಲೇ ಒಣಗುತ್ತದೆ. ನನ್ನ ಗಂಡನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿ.)

ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ಆಸುಪಾಸಿಗೆ ಬಿತ್ತಬೇಕು, ಅಕ್ಟೋಬರ್ ಮೊದಲ ವಾರಗಳೊಳಗೆ ಕೊಯ್ದು ಮುಗಿಸಬೇಕು. ನಮಗೆ ಸಿಗುವ ಕಾಲ ಅಷ್ಟೆ. ಹಿಂದೆ ಮುಂದೆ ಸರಿಸುವ ಹಾಗಿಲ್ಲ. ಜುಲೈನ ಒಂದು ಬೆಳಗ್ಗೆ ಯಾರಾದರೂ ಬಂದು ಗಿಡಗಳನ್ನು ಬುಡದವರೆಗೆ ಮೇಯ್ದು ಹೋದರೆ ಮತ್ತೆ ಬಿತ್ತಲು ಕಾಲವಿಲ್ಲ. ಆ ವರ್ಷದ ಅವರೆ ಮುಗಿಯಿತು. ಗ್ರೌಂಡ್‌ಹಾಗ್‌ಗೆ ಹುರುಳಿಕಾಯಿ, ಬಟಾಣಿ, ಅವರೆ, ಅಲಸಂದೆ ಜಾತಿಯ ಎಲೆಗಳೆಂದರೆ ಪ್ರಾಣ. ಈರುಳ್ಳಿ, ಬೆಳ್ಳುಳ್ಳಿ ಕಡೆ ತಲೆ ಹಾಕುವುದು ಕಡಿಮೆ. ಕ್ಯಾರೆಟ್ ಸೊಪ್ಪು, ಕೋಸು, ಲೆಟ್ಯೂಸ್ ಇದ್ದರೆ ಬಿಡುವುದಿಲ್ಲ. ನಾವು ಏನೇನು ಇಷ್ಟಪಟ್ಟು ಬೆಳೆಯುತ್ತೇವೋ ಅದೆಲ್ಲ ಅದಕ್ಕೂ ಇಷ್ಟ.

ಅಮ್ಮ ಕಂಡ ಗ್ರೌಂಡ್‌ಹಾಗ್

ಅಮ್ಮ ಬಂದಿದ್ದ ಬೇಸಿಗೆಯದು. ಅಮ್ಮನಿಗೆ ಬೆಳಕು ಹರಿಯುವ ಮೊದಲೇ ಎಚ್ಚರ. ಕಾಫಿ ಮಾಡಿಕೊಂಡು ಅಡುಗೆಮನೆ ಕಿಟಕಿಯಲ್ಲಿ ನಿಂತು ಹಿತ್ತಲು ನೋಡುವುದು ಅವರ ದಿನಚರಿ. ಇಲ್ಲಿ ರಸ್ತೆಯಲ್ಲಿ ನೋಡಲು ಜನ ಇಲ್ಲವಲ್ಲ. ಒಂದು ಬೆಳಗ್ಗೆ ಮೆಟ್ಟಿಲ ಕೆಳಗಿಂದ ಕೂಗಿದರು. "ಏ, ಬಾರೇ ಇಲ್ಲಿ ಬೇಗ. ನಿನ್ನ ಗಿಡದ ಹತ್ರ ಯಾರೋ ಕೂತಿದಾರೆ!"

ಯಾರೋ ಅಂದದ್ದು ತಪ್ಪಲ್ಲ. ದೂರದಿಂದ ಅದು ಹಾಗೇ ಕಾಣುತ್ತದೆ. ಹಿಂಗಾಲಿನ ಮೇಲೆ ನೆಟ್ಟಗೆ ಕೂತು, ಮುಂಗಾಲುಗಳಲ್ಲಿ ಅವರೆ ಗಿಡದ ಕೊಂಬೆಯನ್ನು ಬಗ್ಗಿಸಿ ಹಿಡಿದುಕೊಂಡು, ತುದಿಯಿಂದ ಬುಡದ ಕಡೆಗೆ ಒಂದೇ ಸಮನೆ ಅಗಿಯುತ್ತಿತ್ತು. ಅವಸರ ಇಲ್ಲ. ನಡುವೆ ನಿಲ್ಲಿಸಿ ಒಮ್ಮೆ ಸುತ್ತ ನೋಡುವುದು, ಮತ್ತೆ ಅಗಿಯುವುದು. ಅಮ್ಮ ಕಾಫಿ ಲೋಟ ಇಟ್ಟು, ಕೈಗೆ ಸಿಕ್ಕ ಸಟ್ಟುಗ ಮತ್ತು ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು, ಇಲ್ಲಿಯ ನೆರೆಹೊರೆ ಏನೆಂದುಕೊಳ್ಳುತ್ತಾರೋ ಅನ್ನುವ ಯೋಚನೆ ಒಂದಿಷ್ಟೂ ಇಲ್ಲದೆ, ಸೆರಗು ಸಿಕ್ಕಿಸಿಕೊಂಡು ಹಿಂಬಾಗಿಲಿನಿಂದ ಹೊರಟೇ ಬಿಟ್ಟರು. ಢಣ ಢಣ ಬಡಿದರು. "ಹಚಾ! ಹೋಗ್ ಆಚೆ!" ಅದು ಒಮ್ಮೆ ಸಿಳ್ಳೆ ಹಾಕಿತು. ನಿಜವಾದ ಸಿಳ್ಳೆ, ಕಿವಿಗೆ ಚುಚ್ಚುವಂಥದ್ದು. ಆಮೇಲೆ ಹೊಟ್ಟೆ ಅಲ್ಲಾಡಿಸಿಕೊಂಡು ಶೆಡ್ಡಿನ ಕೆಳಗೆ ನುಗ್ಗಿತು. ಅಮ್ಮ ಗೆದ್ದ ಮುಖ ಮಾಡಿಕೊಂಡು ಒಳಗೆ ಬಂದು ಲೋಟ ಎತ್ತಿಕೊಂಡರು. ಕಾಫಿ ಇನ್ನೂ ಬಿಸಿ ಇತ್ತು, ಅಷ್ಟರಲ್ಲಿ ಅದು ವಾಪಸ್ ಬಂದು ಅದೇ ಗಿಡಕ್ಕೆ ಬಾಯಿ ಹಾಕಿತ್ತು.

"ಮಂಗನಾದ್ರೆ ಕಲ್ಲಿಗೆ ಬಗ್ಗಿದ್ರೆ ಸಾಕು, ಓಡತ್ತೆ. ಇದಕ್ಕೆ ಮರ್ಯಾದೆನೇ ಇಲ್ವಲ್ಲ ಮಾರಾಯ್ತಿ" ಅಂದರು ಅಮ್ಮ. ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಇದು ಹೆಗ್ಗಣವೇ. ಇಲ್ಲಿ ಚಳಿಗೆ ಕೂದಲು ಬೆಳೆಸಿಕೊಂಡಿದೆ ಅಷ್ಟೆ." ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇ, ಬೇಲಿ ಕಟ್ಟದೆ ಬೀಜ ಹಾಕ್ತಾರಾ ಯಾರಾದ್ರೂ?" ಅಂತ ಕೇಳಿದರು. ನಾನು ಗಂಡನ ಮುಖ ನೋಡಿದೆ. ಮಾರ್ಚಿನಿಂದ ನಾನು ಅದನ್ನೇ ಹೇಳುತ್ತಿದ್ದೆ. ಅವರು ಕೇಳಿಸಲೇ ಇಲ್ಲ ಅನ್ನುವ ಹಾಗೆ ಫೋನಿನಲ್ಲಿ ಬೋನುಗಳ ಬೆಲೆ ನೋಡುತ್ತಿದ್ದರು.

ಅಮ್ಮನ ಹೆಗ್ಗಣದ ಮಾತು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ದಂಶಕವೇ. ಆದರೆ ಅಳಿಲಿನ ಕುಟುಂಬದ್ದು, ಮರ್ಮಟ್ ಜಾತಿ. ಇಲ್ಲಿಯ ಹಳಬರು ವುಡ್‌ಚಕ್ ಅಂತಾರೆ. ಎರಡು ಕಿಲೋದಿಂದ ಆರು ಕಿಲೋವರೆಗೆ ತೂಗುತ್ತದೆ, ಕಾಲಮಾನದ ಮೇಲೆ. ಮಾರ್ಚಿನಲ್ಲಿ ಬಡಕಲು, ಸೆಪ್ಟೆಂಬರಿನಲ್ಲಿ ಗುಂಡಗೆ. ದಿನಕ್ಕೆ ಅರ್ಧ ಕಿಲೋಗೂ ಜಾಸ್ತಿ ಸೊಪ್ಪು ತಿನ್ನುತ್ತದೆ. ಅದಕ್ಕೆ ಕಾರಣ ಇದೆ. ಚಳಿಗಾಲಕ್ಕೆ ಅದು ಕಾಳು ಕಡ್ಡಿ ಕೂಡಿಡುವುದಿಲ್ಲ, ಕೂಡಿಡುವುದೆಲ್ಲ ಮೈಯಲ್ಲೇ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಬಿಲದ ಒಳಗೆ ಮಲಗಿದರೆ ಎದೆ ಬಡಿತ ನಿಮಿಷಕ್ಕೆ 80ರಷ್ಟಿದ್ದದ್ದು 5ರ ಆಸುಪಾಸಿಗೆ ಇಳಿಯುತ್ತದೆ, ಮೈಯ ಬಿಸಿ 37 ಡಿಗ್ರಿಯಿಂದ 5 ಡಿಗ್ರಿಯ ಹತ್ತಿರಕ್ಕೆ. ಕರಡಿಯದ್ದು ಇಷ್ಟು ಗಾಢ ನಿದ್ದೆಯಲ್ಲ. ಹೀಗೆ ತಿಂಗಳುಗಟ್ಟಲೆ ಬದುಕಿರಬೇಕಾದರೆ ಬೇಸಿಗೆಯಲ್ಲಿ ಕೊಬ್ಬು ಕಟ್ಟಲೇಬೇಕು. ನಮ್ಮ ಅವರೆ ಅದರ ಚಳಿಗಾಲದ ಉಸಿರು. ಇಷ್ಟು ಗೊತ್ತಿರುವ ಪ್ರಾಣಿಯ ಎದುರು ನಮ್ಮ ಖಾರದ ಪುಡಿ ಎಷ್ಟರದ್ದು? ಒಂದು ಮಳೆಗೆ ಅದು ತೊಳೆದು ಹೋಗುತ್ತದೆ. ಸಿಂಪಡಿಸಿದ ಎಲೆಗೆ ಖಾರ ಇದ್ದರೂ ಮಾರನೇ ದಿನದ ಚಿಗುರಿಗೆ ಇರುವುದಿಲ್ಲ. ಅದಕ್ಕೆ ಬೇಕಾದದ್ದೂ ಚಿಗುರೇ.

ಫೆಬ್ರವರಿ 2ಕ್ಕೆ ಪೆನ್ಸಿಲ್ವೇನಿಯಾದ ಪಂಕ್ಸಟಾನಿಯಲ್ಲಿ ಇದೇ ಪ್ರಾಣಿಯನ್ನು ಬಿಲದಿಂದ ಎತ್ತಿ, ಟೋಪಿ ಹಾಕಿದ ಗಣ್ಯರ ನಡುವೆ ಹಿಡಿದು, ನೆರಳು ಕಂಡಿತೋ ಇಲ್ಲವೋ ಅಂತ ಕೇಳುವ ಜಾತ್ರೆ 1887ರಿಂದ ನಡೆಯುತ್ತಿದೆ. ನೆರಳು ಕಂಡರೆ ಇನ್ನೂ ಆರು ವಾರ ಚಳಿ. ಹೆಚ್ಚುಕಡಿಮೆ ನಮ್ಮ ರಥಸಪ್ತಮಿಯ ಆಸುಪಾಸಿಗೇ ಬರುವ ಹಬ್ಬ. ಮ್ಯಾಸಚೂಸೆಟ್ಸ್ ಕೂಡ ಹಿಂದೆ ಬಿದ್ದಿಲ್ಲ. 2014ರಲ್ಲಿ ಲಿಂಕನ್ ಊರಿನ ಡ್ರಮ್ಲಿನ್ ಫಾರ್ಮ್‌ನಲ್ಲಿದ್ದ ಮಿಸ್ ಜಿ ಎಂಬ ಹೆಣ್ಣು ಗ್ರೌಂಡ್‌ಹಾಗನ್ನು ರಾಜ್ಯದ ಅಧಿಕೃತ ಗ್ರೌಂಡ್‌ಹಾಗ್ ಅಂತ ಘೋಷಿಸಿತು. ಫೆಬ್ರವರಿಯಲ್ಲಿ ಮೆರವಣಿಗೆ, ಜುಲೈನಲ್ಲಿ ಶಾಪ.

ಹಿಡಿದು ಎಲ್ಲಿ ಬಿಡೋದು

ಗಂಡ ಬೋನು ತಂದರು. ತಂತಿಯ ಉದ್ದನೆಯ ಪೆಟ್ಟಿಗೆ. ಒಳಗೆ ಕರಬೂಜದ ಹೋಳು ಇಟ್ಟು ಬಿಲದ ಬಾಯಿಯ ಹತ್ತಿರ ಇಡುವುದು, ಹಣ್ಣಿಗೆ ಬಂದರೆ ಬಾಗಿಲು ಬೀಳುತ್ತದೆ. ಹಿಡಿದ ಮೇಲೆ ಕಾರಿನಲ್ಲಿ ಹಾಕಿಕೊಂಡು ದೂರದ ಕಾಡಿನ ಹತ್ತಿರ ಬಿಟ್ಟು ಬರುವುದು ಅವರ ಯೋಜನೆ. ಇದನ್ನು ಬಹಳ ಜನ ಮಾಡುತ್ತಾರೆ, ಮಾಡಿದ್ದನ್ನು ಪುಣ್ಯದ ಕೆಲಸದ ಹಾಗೆ ಹೇಳಿಕೊಳ್ಳುತ್ತಾರೆ. ಕೊಲ್ಲಲಿಲ್ಲವಲ್ಲ.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರ ತಾತನ ಕಾಲದಿಂದ ಇದೇ ಊರಿನಲ್ಲಿ ತರಕಾರಿ ಬೆಳೆಯುತ್ತಿರುವ ಮನೆತನ. ಕಲ್ಲಿನ ಗೋಡೆಯ ಆಚೆ ನಿಂತು ಬೋನು ನೋಡಿ, "ಹಿಡಿದು ಏನು ಮಾಡ್ತೀರಿ?" ಅಂತ ಕೇಳಿದರು. ಇವರು ಹೇಳಿದರು. ಅವರು ತಲೆ ಅಲ್ಲಾಡಿಸಿದರು. "ಈ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ, ಗೊತ್ತಲ್ವಾ? ಹಿಡಿದರೆ ನಿಮ್ಮ ಜಾಗದಲ್ಲೇ ಬಿಡಬೇಕು, ಇಲ್ಲ ಅಲ್ಲೇ ಮುಗಿಸಬೇಕು. ಇನ್ನೊಬ್ಬರ ಕಡೆಗೆ ಒಯ್ಯುವ ಹಾಗಿಲ್ಲ."

ನಿಜ. ಮ್ಯಾಸಚೂಸೆಟ್ಸ್‌ನಲ್ಲಿ ಕಾಡುಪ್ರಾಣಿಯನ್ನು ಹಿಡಿದು ಬೇರೆ ಕಡೆ ಒಯ್ದು ಬಿಡುವುದು ನಿಷಿದ್ಧ. ಅಳಿಲಿಗೂ ಅನ್ವಯ, ಗ್ರೌಂಡ್‌ಹಾಗ್‌ಗೂ ಅನ್ವಯ. ಕಾರಣಗಳು ಕೇಳಿದರೆ ನ್ಯಾಯವಾಗಿಯೇ ಇವೆ. ಒಂದು ರೋಗ. ಈ ಕರಾವಳಿಯ ಉದ್ದಕ್ಕೂ ಹರಡುತ್ತ ಬಂದ, ರಕೂನ್ ಎಂಬ ಕಾಡುಪ್ರಾಣಿಯ ರೇಬೀಸ್ 1992ರಲ್ಲಿ ಮ್ಯಾಸಚೂಸೆಟ್ಸ್ ಮುಟ್ಟಿತು. ಈ ದೇಶದಲ್ಲಿ ದಂಶಕಗಳ ಪೈಕಿ ರೇಬೀಸ್ ಕಾಣಿಸಿಕೊಳ್ಳುವುದು ಗ್ರೌಂಡ್‌ಹಾಗ್‌ನಲ್ಲೇ ಜಾಸ್ತಿ. ಸೋಂಕಿರುವುದನ್ನು ಕಾರಿನಲ್ಲಿ ಇನ್ನೊಂದು ಊರಿಗೆ ಕೊಂಡೊಯ್ದರೆ ರೋಗಕ್ಕೆ ನಾವೇ ಗಾಡಿ ಕಟ್ಟಿಕೊಟ್ಟ ಹಾಗೆ. ಇನ್ನೊಂದು, ಪ್ರಾಣಿಯ ಗತಿ. ಬಿಲ ಗೊತ್ತಿಲ್ಲದ, ಮೇವು ಗೊತ್ತಿಲ್ಲದ ಜಾಗದಲ್ಲಿ ಅದು ಬಹಳ ಸಲ ಸಾಯುತ್ತದೆ. ಮೂರನೆಯದು, ನೀವು ಬಿಟ್ಟ ಜಾಗದ ಪಕ್ಕದಲ್ಲೂ ಯಾರೋ ಒಬ್ಬರ ತೋಟ ಇರುತ್ತದೆ.

ಈ ಮೂರನೆಯದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ನಮ್ಮ ಊರಿನ ತಿರುವಿನಲ್ಲಿ ಟೆಂಪೋ ನಿಂತ ಸದ್ದು ಕೇಳಿತು. ಅಷ್ಟು ಹೊತ್ತಿನಲ್ಲಿ ಆ ದಾರಿಯಲ್ಲಿ ಗಾಡಿ ಬರುವುದೇ ಇಲ್ಲ. ಅಪ್ಪ ಬ್ಯಾಟರಿ ಹಿಡಿದು ಹೋಗುವಷ್ಟರಲ್ಲಿ ಟೆಂಪೋ ಹೊರಟು ಹೋಗಿತ್ತು. ರಸ್ತೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು, ಮರದ ಮೇಲೆಲ್ಲ ಗುಸುಗುಸು. ಬೆಳಗ್ಗೆ ನೋಡಿದರೆ ಮಂಗಗಳು. ನಮ್ಮ ಕಾಡಿನವಲ್ಲ, ಪೇಟೆಯಲ್ಲಿ ಬೆಳೆದವು. ಬೇರೆ ಯಾವುದೋ ಊರಿನವರು ದುಡ್ಡು ಕೂಡಿಸಿ, ಹಿಡಿಯುವವರನ್ನು ಕರೆಸಿ, ತಮ್ಮ ಕಾಟವನ್ನು ತಂದು ನಮ್ಮ ತಿರುವಿನಲ್ಲಿ ಇಳಿಸಿ ಹೋಗಿದ್ದರು. ಕಾಡಿನ ಮಂಗಕ್ಕೆ ಮನುಷ್ಯರ ಹೆದರಿಕೆ ಸ್ವಲ್ಪವಾದರೂ ಇರುತ್ತದೆ, ಇವಕ್ಕೆ ಇರಲಿಲ್ಲ. ಅಡುಗೆಮನೆಗೆ ನುಗ್ಗಿದವು. ಹೆಂಚು ಸರಿಸಿದವು. ಆ ವರ್ಷ ಬಾಳೆ, ಪೇರಲೆ, ಏಲಕ್ಕಿ ಯಾವುದೂ ಕೈಗೆ ಬರಲಿಲ್ಲ. ಆಮೇಲೆ ನಮ್ಮೂರಿನವರು ಏನು ಮಾಡಿದರು? ಸಭೆ ಸೇರಿದರು, ದುಡ್ಡು ಕೂಡಿಸಿದರು, ಒಂದು ಟೆಂಪೋ ಗೊತ್ತು ಮಾಡಿದರು. ಘಟ್ಟದ ಕಡೆ ಬಿಟ್ಟು ಬಂದರಂತೆ. ಘಟ್ಟದಲ್ಲೂ ಊರುಗಳಿವೆ.

ಶಿವಮೊಗ್ಗ ಜಿಲ್ಲೆಯವರಿಗೆ ಮಂಗ ಮತ್ತು ರೋಗದ ಸಂಬಂಧವನ್ನು ಬೇರೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದರೊಂದಿಗೆ ಗೊತ್ತಾದ ಮಂಗನ ಕಾಯಿಲೆಯನ್ನು ನಮ್ಮ ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಮತ್ತೆ ಅನುಭವಿಸಿತು. ಉಣುಗಿನಿಂದ ಹರಡುವ ಕಾಯಿಲೆ ಅದು. ಪ್ರಾಣಿ ಎಲ್ಲಿಗೆ ಹೋದರೆ ಮೈಮೇಲಿನ ಉಣುಗೂ ಅಲ್ಲಿಗೆ. ಹೀಗಿದ್ದೂ ಟೆಂಪೋಗಳು ಓಡಾಡುತ್ತಲೇ ಇರುತ್ತವೆ. ಪಕ್ಕದ ಮನೆಯವರು ಕಾನೂನು ಹೇಳಿದಾಗ ಇವರಿಗೆ ಪೆಚ್ಚೆನಿಸಿತು. ನನಗೆ ಮಾತ್ರ, ಇಂಥ ಒಂದು ಕಾನೂನು ಯಾರಿಗೋ ಹೊಳೆದಿದೆಯಲ್ಲ ಅಂತ ಸಮಾಧಾನ ಆಯಿತು.

ಬೋನಿಗೆ ಇನ್ನೂ ಒಂದು ತೊಂದರೆ ಇದೆ. ಹಿರಿಯರೇ ಹೇಳಿದ್ದು. ಗ್ರೌಂಡ್‌ಹಾಗ್ ಮರಿಗಳು ಏಪ್ರಿಲ್, ಮೇ ಹೊತ್ತಿಗೆ ಹುಟ್ಟಿ ಜುಲೈಯಲ್ಲಿ ತಾಯಿಯನ್ನು ಬಿಟ್ಟು ಹೊರಡುತ್ತವೆ. ಅವಕ್ಕೆ ಬಿಲ ಬೇಕು. ಹೊಸದಾಗಿ ತೋಡುವುದಕ್ಕಿಂತ ತೋಡಿಟ್ಟದ್ದು ಸಿಕ್ಕರೆ ವಾಸಿ. ನೀವು ಒಂದನ್ನು ಹಿಡಿದು ತೆಗೆದಿರಿ ಅಂದರೆ, ಪಕ್ಕದಲ್ಲೇ ತರಕಾರಿ ಮಾರ್ಕೆಟ್ ಇರುವ ಬಾಡಿಗೆ ಮನೆ ಖಾಲಿ ಮಾಡಿಸಿ ಬೋರ್ಡ್ ತಗುಲಿಸಿದ ಹಾಗೆ. ವಾರದೊಳಗೆ ಇನ್ನೊಂದು ಬರುತ್ತದೆ. ಬಿಲವೂ ಸಣ್ಣದಲ್ಲ. ಆರೇಳು ಮೀಟರಿಗೂ ಹೆಚ್ಚು ಉದ್ದದ ಸುರಂಗ, ಮಲಗುವ ಕೋಣೆ ಬೇರೆ, ಪಾಯಿಖಾನೆ ಬೇರೆ. ಎದುರಿಗೆ ಮಣ್ಣಿನ ಗುಡ್ಡೆ ಇರುವ ಹೆಬ್ಬಾಗಿಲು ಒಂದಾದರೆ, ಗುಡ್ಡೆಯ ಗುರುತೇ ಇಲ್ಲದ, ಹುಲ್ಲಿನ ನಡುವೆ ಅಡಗಿದ ಹಿಂಬಾಗಿಲು ಇನ್ನೊಂದು. ಅಪಾಯ ಬಂದರೆ ಧುಮುಕಲಿಕ್ಕೆ.

ಸೇಡಿನ ಮಾತು

ಬೇಲಿಯನ್ನು ಯಾಕೆ ಎಲ್ಲರೂ ಕೊನೆಗೆ ತಳ್ಳುತ್ತಾರೆ ಅನ್ನುವುದಕ್ಕೆ ನನಗೆ ಹೊಳೆದ ಉತ್ತರ ಇದು: ಬೇಲಿಯಲ್ಲಿ ಸೇಡು ಇಲ್ಲ. ಖಾರದ ಪುಡಿ ಹಾಕುವಾಗ ಅದರ ಮೂಗು ಉರಿಯಲಿ ಅನ್ನುವ ಆಸೆ ಇರುತ್ತದೆ. ಬೋನಿನಲ್ಲಿ ಅದರ ಮುಖ ನೋಡುವ ಆಸೆ. ನರಿ ಮೂತ್ರದಲ್ಲಿ ಅದು ನಡುಗಲಿ ಅನ್ನುವ ಆಸೆ. ಬೇಲಿ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದು ಬರುತ್ತದೆ, ನೋಡುತ್ತದೆ, ಪಕ್ಕದ ಕ್ಲೋವರ್ ಹುಲ್ಲು ತಿಂದುಕೊಂಡು ಹೋಗುತ್ತದೆ. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಇಲ್ಲ. ಮೇಲಿಂದ ದುಡ್ಡೂ ನಮ್ಮದೇ, ಬೆನ್ನು ನೋವೂ ನಮ್ಮದೇ. ತಿಂದದ್ದು ಅದು, ದಂಡ ಕಟ್ಟುವುದು ನಾವಾ ಅಂತ ಇವರು ಕೇಳಿದ್ದು ಇದೇ ಅರ್ಥದಲ್ಲಿ.

ಸಿಟ್ಟು ಇವರೊಬ್ಬರದೇ ಅಲ್ಲ. ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಸನಸಭೆ 1883ರಲ್ಲಿ ವುಡ್‌ಚಕ್ ಬಗ್ಗೆಯೇ ಒಂದು ಸಮಿತಿ ಮಾಡಿತ್ತು. ಈ ಪ್ರಾಣಿಯಲ್ಲಿ ಮೆಚ್ಚುವಂಥ ಒಂದು ಗುಣವೂ ಇಲ್ಲ ಅಂತ ಸಮಿತಿ ವರದಿ ಕೊಟ್ಟಿತು. ಕೊಂದ ಪ್ರತಿಯೊಂದಕ್ಕೂ 10 ಸೆಂಟ್ ಇನಾಮು ಅಂತಾಯಿತು. ಇವತ್ತು ನ್ಯೂ ಹ್ಯಾಂಪ್‌ಶೈರಿನ ಹೆದ್ದಾರಿ ಬದಿಯಲ್ಲಿ ಬೇಸಿಗೆ ಸಂಜೆ ಹೋಗಿ ನೋಡಿ, ಹುಲ್ಲಿನಲ್ಲಿ ಎದ್ದು ನಿಂತು ನಿಮ್ಮ ಕಾರು ನೋಡುತ್ತಿರುತ್ತವೆ. ಒಂದು ಗುಣವೂ ಇಲ್ಲ ಅನ್ನುವ ಮಾತಿಗೆ ಉತ್ತರ ಬರಲು ಮುಂದಿನ ಶತಮಾನವೇ ಬರಬೇಕಾಯಿತು. ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಗ್ರೌಂಡ್‌ಹಾಗ್‌ಗಳಿಗೆ ಲಿವರ್ ಕ್ಯಾನ್ಸರ್ ಯಾಕೆ ಬರುತ್ತಿದೆ ಅಂತ ಹುಡುಕಿದವರಿಗೆ ಮನುಷ್ಯರ ಹೆಪಟೈಟಿಸ್ ಬಿ ವೈರಸ್ಸಿನ ಹತ್ತಿರದ ಸಂಬಂಧಿ ಸಿಕ್ಕಿತು. 1978ರಲ್ಲಿ ಅದರ ವರದಿ ಬಂತು. ಆಮೇಲೆ ಹೆಪಟೈಟಿಸ್ ಬಿ ಔಷಧಿಗಳನ್ನು ಪರೀಕ್ಷೆ ಮಾಡಲು ಇದೇ ಪ್ರಾಣಿಯನ್ನು ವರ್ಷಗಟ್ಟಲೆ ಬಳಸಿದರು. ಇದನ್ನು ಇವರಿಗೆ ಹೇಳಿದಾಗ "ಆಸ್ಪತ್ರೆಗೆ ಹೋಗಿ ಉಪಕಾರ ಮಾಡಲಿ, ನಮ್ಮ ಅವರೆಗೆ ಯಾಕೆ ಬಾಯಿ ಹಾಕಬೇಕು?" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಇನ್ನೊಂದು ಮಾತಿದೆ, ಇದನ್ನು ಹೇಳಿದರೆ ಊಟದ ಮನೆಗಳಲ್ಲಿ ಯಾರಿಗೂ ಹಿಡಿಸುವುದಿಲ್ಲ. ಗ್ರೌಂಡ್‌ಹಾಗ್ ದಟ್ಟ ಕಾಡಿನ ಪ್ರಾಣಿಯಲ್ಲ. ಕಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿ ಬದುಕುವಂಥದ್ದು. ಈ ಸೀಮೆಯ ಕಾಡು ಕಡಿದು ಹೊಲ ಮಾಡಿದವರು, ಹೊಲದ ಕಲ್ಲು ಹೆಕ್ಕಿ ಉದ್ದುದ್ದ ಗೋಡೆ ಕಟ್ಟಿದವರು ಅದಕ್ಕೆ ಬೇಕಾದ ಅಂಚನ್ನೂ ಸಂದುಗೊಂದನ್ನೂ ಮಾಡಿಕೊಟ್ಟರು. ನಾವು ಅದಕ್ಕೆ ಶೆಡ್ಡು, ಡೆಕ್ಕು, ನೀರು ಹಾಯಿಸಿದ ಹುಲ್ಲುಹಾಸು ಸೇರಿಸಿದೆವು. ಮರಗೆಲಸದ ಶೆಡ್ಡಿನ ಕೆಳಗೆ ಒಂದಡಿ ಖಾಲಿ ಜಾಗ ಬಿಟ್ಟು, ಎದುರಿಗೆ ಅವರೆ ಹಾಕಿ, ಆಮೇಲೆ ಯಾಕೆ ಬಂತು ಅಂತ ಕೇಳಿದರೆ?

ಬೇಲಿ

ಕೊನೆಗೂ ಬೇಲಿ ಹಾಕಿದೆವು. ಅಮ್ಮ ಊರಿಗೆ ಹೊರಡುವ ಮೊದಲು ಅದನ್ನು ನೋಡಿಯೇ ಹೋಗುವುದು ಅಂತ ಹಟ ಹಿಡಿದಿದ್ದರು.

ಈ ಪ್ರಾಣಿಗೆ ಬೇಲಿ ಹಾಕುವುದರಲ್ಲಿ ಎರಡು ಸಂಗತಿ ತಲೆಯಲ್ಲಿಟ್ಟುಕೊಳ್ಳಬೇಕು. ಅದು ತೋಡುತ್ತದೆ, ಅದು ಹತ್ತುತ್ತದೆ. ಹತ್ತುತ್ತದೆ ಅನ್ನುವುದನ್ನು ಬಹಳ ಜನ ನಂಬುವುದಿಲ್ಲ, ಆ ಹೊಟ್ಟೆ ನೋಡಿದರೆ ನಂಬುವುದೂ ಕಷ್ಟ. ಆದರೆ ಅಳಿಲಿನ ಬಳಗ ಅಂತ ಆಗಲೇ ಹೇಳಿದೆನಲ್ಲ, ಮರವನ್ನೂ ಹತ್ತುತ್ತದೆ. ಹಾಗಾಗಿ ಬಿಗಿಯಾಗಿ ಎಳೆದು ಕಟ್ಟಿದ ಚಂದದ ಬೇಲಿ ಅದಕ್ಕೆ ಏಣಿ. ನಾವು 5 ಅಡಿ ಅಗಲದ, ಸಣ್ಣ ಕಣ್ಣಿನ ತಂತಿ ಜಾಲರಿ ತಂದೆವು. ನಡುವಿನ 3 ಅಡಿ ನೆಟ್ಟಗೆ ನಿಲ್ಲುತ್ತದೆ. ಮೇಲಿನ ಒಂದಡಿಯನ್ನು ಕಂಬಕ್ಕೆ ಕಟ್ಟದೆ ಹೊರಗಡೆಗೆ ಬಾಗಿಸಿ ಸಡಿಲ ಬಿಡಬೇಕು. ಹತ್ತಿ ಬಂದ ಪ್ರಾಣಿಯ ಭಾರಕ್ಕೆ ಅದು ಓಲಾಡಿ ಹಿಂದಕ್ಕೆ ಬಗ್ಗುತ್ತದೆ, ಹಿಡಿತ ಸಿಗುವುದಿಲ್ಲ. ಕೆಳಗಿನ ಒಂದಡಿಯನ್ನು ನೆಲದಲ್ಲಿ ಹೊರಮುಖವಾಗಿ ಮಡಚಿ ಹೂಳಬೇಕು. ಅದು ಬೇಲಿಯ ಬುಡದಲ್ಲೇ ತೋಡಲು ಶುರು ಮಾಡುತ್ತದೆ, ಜಾಲರಿ ಸಿಗುತ್ತದೆ. ಒಂದಡಿ ಹಿಂದೆ ಸರಿದು ಅಲ್ಲಿಂದ ತೋಡೋಣ ಅನ್ನುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಇಲ್ಲಿ ಹಾರೆ ಎತ್ತುವ ಮೊದಲು 811ಕ್ಕೆ ಫೋನ್ ಮಾಡಿ ಹೇಳಬೇಕು. ನೆಲದಡಿಯ ಗ್ಯಾಸು, ಕರೆಂಟಿನ ಲೈನುಗಳಿಗೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ. ಕಾನೂನು. ಬೇಲಿ ಗುಂಡಿಗೆ ಸರಕಾರಕ್ಕೆ ಹೇಳಬೇಕಾ ಅಂತ ಅಮ್ಮನಿಗೆ ನಗು. ಆದರೆ ಅರ್ಧ ಅಡಿ ತೋಡುವಷ್ಟರಲ್ಲಿ ಕಲ್ಲು. ಎತ್ತಿದರೆ ಅದರ ಕೆಳಗೆ ಇನ್ನೊಂದು ಕಲ್ಲು. ನ್ಯೂ ಇಂಗ್ಲೆಂಡಿನ ನೆಲ ಹಿಮಗಡ್ಡೆ ಸರಿದು ಬಿಟ್ಟುಹೋದ ಕಲ್ಲಿನ ರಾಶಿ, ಅದಕ್ಕೇ ಊರೆಲ್ಲ ಕಲ್ಲಿನ ಗೋಡೆ. ಆ ಕಡೆ ಹೂಳುವ ಆಸೆ ಬಿಟ್ಟು, ಜಾಲರಿಯನ್ನು ನೆಲದ ಮೇಲೇ ಹೊರಗಡೆಗೆ ಹಾಸಿ, ತಂತಿಯ ಮೊಳೆ ಹೊಡೆದು, ಮೇಲೆ ಮರದ ಚಕ್ಕೆ ಮುಚ್ಚಿದೆವು. ಅದೂ ಅಷ್ಟೇ ಕೆಲಸ ಮಾಡುತ್ತದೆ. ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತು ಮೇಸ್ತ್ರಿಕೆ ಮಾಡಿದರು. "ನಮ್ಮಲ್ಲಿ ಹಂದಿಗೆ ಹಾಕ್ತಾರಲ್ಲ, ಶಾಕ್ ಹೊಡೆಯೋ ಐಬೆಕ್ಸ್ ಬೇಲಿ, ಅದು ಇಲ್ಲಿ ಸಿಗಲ್ವಾ?" ಅಂತ ಕೇಳಿದರು. ಸಿಗುತ್ತದೆ. ಜಾಲರಿಯ ಹೊರಗೆ, ನೆಲದಿಂದ ನಾಲ್ಕೈದು ಇಂಚು ಮೇಲೆ ಶಾಕ್ ಹೊಡೆಯುವ ಒಂದು ತಂತಿ ಎಳೆದರೆ ಇನ್ನೂ ಗಟ್ಟಿ. ಪಕ್ಕದ ಮನೆಗೆ ಮೊಮ್ಮಕ್ಕಳು ಬರುತ್ತಿರುತ್ತಾರೆ ಅಂತ ನಾವು ಬಿಟ್ಟೆವು.

ಕಷ್ಟ ಕೊಟ್ಟದ್ದು ಬಾಗಿಲು. ಬೇಲಿ ಎಷ್ಟೇ ಚೆನ್ನಾಗಿರಲಿ, ಬಾಗಿಲಿನ ಕೆಳಗೆ ನಾಲ್ಕು ಬೆರಳು ಸಂದಿ ಇದ್ದರೆ ಅಲ್ಲೇ ದಾರಿ. ಊರಲ್ಲಾದರೆ ದಣಪೆ ಸರಿಸಿ ಒಳಗೆ ಹೋಗುತ್ತೇವೆ, ದನಕ್ಕೆ ಅದು ಸಾಕು. ಇದಕ್ಕೆ ಸಾಲದು. ಕೊನೆಗೆ ಬಾಗಿಲಿನ ಕೆಳಗೆ ಸಿಮೆಂಟಿನ ಚಪ್ಪಡಿ ಕೂರಿಸಿ, ಬಾಗಿಲಿಗೂ ಒಳಗಡೆಯಿಂದ ಜಾಲರಿ ಹೊಡೆದದ್ದಾಯಿತು. ಒಳಗೆ ಹೋಗಿ ಬಂದವರು ಕೊಂಡಿ ಹಾಕಬೇಕು ಅನ್ನುವುದು ಈಗ ಮನೆಯ ನಿಯಮ, ಅದಕ್ಕಾಗಿ ಆಗುವ ಕೂಗಾಟ ಬೇರೆ.

ಅವರೆ ಬಂತು. ಹಿದುಕಿದ ಬೇಳೆ ಸಾರು ಸಂಕ್ರಾಂತಿಗಲ್ಲ, ಸೆಪ್ಟೆಂಬರಿನಲ್ಲಿ ಆಯಿತು. ಸೊಗಡು ಮಾಗಡಿಯಷ್ಟಿಲ್ಲ ಅಂತ ಇವರು, ಇಬ್ಬನಿ ಬೇರೆ ಮಣ್ಣು ಬೇರೆ ಅಂತ ನಾನು.

ಈಗ ಉಳಿದಿರುವ ತಕರಾರು ಶೆಡ್ಡಿನ ಕೆಳಗಿನ ಬಿಲದ್ದು. ಇವರಿಗೆ ಅದನ್ನು ಮುಚ್ಚಬೇಕು. ಮುಚ್ಚುವುದಕ್ಕೂ ಕಾಲ ಇದೆ. ಮೇ, ಜೂನ್‌ನಲ್ಲಿ ಒಳಗೆ ಮರಿಗಳಿರುತ್ತವೆ, ಚಳಿಗಾಲದಲ್ಲಿ ಒಳಗೆ ಮಲಗಿರುತ್ತದೆ. ಆಗ ಮುಚ್ಚಿದರೆ ಜೀವಂತ ಸಮಾಧಿ. ಜುಲೈ ಕೊನೆಯಿಂದ ಸೆಪ್ಟೆಂಬರಿನ ತನಕ ಮಾತ್ರ, ಒಳಗಿಂದ ಹೊರಗೆ ಮಾತ್ರ ತೆರೆಯುವ ಒಂದು ಬಾಗಿಲು ಸಿಕ್ಕಿಸಿ, ಅದು ಹೊರಗೆ ಹೋಯಿತು ಅಂತ ಖಾತ್ರಿ ಮಾಡಿಕೊಂಡು, ಶೆಡ್ಡಿನ ಸುತ್ತ ಜಾಲರಿ ಹೂಳಬೇಕು. ಇವರು ಆಗಲೇ ಅಳತೆ ತೆಗೆದುಕೊಂಡಿದ್ದಾರೆ. ಬೇಲಿ ಗಟ್ಟಿಯಿದೆ, ಅದು ತನ್ನ ಪಾಡಿಗೆ ಹುಲ್ಲು ತಿಂದುಕೊಂಡಿದೆ, ಇನ್ನು ಯಾಕೆ ಇದೆಲ್ಲ ಅನ್ನುವುದು ನನ್ನ ವಾದ. ಪಕ್ಕದ ಮನೆಯ ಹಿರಿಯರು ನನ್ನ ಕಡೆಗಿದ್ದಾರೆ, ಆದರೆ ಅವರ ಕಾರಣ ಬೇರೆ. ಗ್ರೌಂಡ್‌ಹಾಗ್ ಬಿಟ್ಟುಹೋದ ಬಿಲ ಖಾಲಿ ಇರುವುದಿಲ್ಲ, ಮೊಲ ಸೇರಬಹುದು, ನರಿ ಸೇರಬಹುದು, ಹೆದರಿದರೆ ಕೆಟ್ಟ ನಾತ ಚಿಮ್ಮಿಸುವ ಸ್ಕಂಕ್ ಎಂಬ ಪ್ರಾಣಿ ಸೇರಬಹುದು. ಜಾಲರಿ ಹೂಳಲು ತಡ ಮಾಡಿ ನಡುವೆ ಸ್ಕಂಕ್ ಬಂದು ಕೂತರೆ ಆಮೇಲೆ ಶೆಡ್ಡಿನ ಬಾಗಿಲು ತೆಗೆಯುವಾಗಲೆಲ್ಲ ಮೂಗು ಮುಚ್ಚಿಕೊಳ್ಳಿ ಅಂತ ಹೇಳಿದರು. ಅದನ್ನು ಕೇಳಿದ ಮೇಲೆ ಇವರ ಅಳತೆಯ ಚೀಟಿ ಫ್ರಿಜ್ಜಿನ ಮೇಲೆ ಹಾಗೇ ಇದೆ.